ಕೆಂಪು ನೆಲಕ್ಕೆ ಟೈಲ್ಸ್ ಬೇಡ

ಸಾಗರದ ಹತ್ತಿರ ಅಜ್ಜನ ಕಾಲದ ಹಂಚಿನ ಮನೆ, ಕೈಯಲ್ಲಿರುವುದು ಒಂದೂವರೆ ಲಕ್ಷ, ನೆಲಕ್ಕೆ ಟೈಲ್ಸ್ ಹಾಕಿಸಿ ಗೋಡೆಗೆ ಪೇಂಟ್ ಮಾಡಿಸಲಾ ಅಂತ ಕೇಳಿದ್ದೀರಿ. ನಾನಾಗಿದ್ದರೆ ಮೊದಲು ಮಾಡಿಗೆ ಆಳು ಹತ್ತಿಸುತ್ತಿದ್ದೆ. ಒಡೆದ ಹಂಚು, ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಗೆದ್ದಲು ಹಿಡಿದಿದ್ದರೆ ಅದನ್ನೂ ಬದಲಿಸಿ. ಮಳೆಗಾಲಕ್ಕೆ ಮುಂಚೆ ಇದು ಮುಗಿಯದಿದ್ದರೆ ಉಳಿದ ಖರ್ಚೆಲ್ಲ ನೀರುಪಾಲು.

ಕೆಂಪು ನೆಲ ಒಡೆಸಬೇಡಿ. ಬಿರುಕಿಗೆ ಸಿಮೆಂಟ್ ಜೊತೆ ರೆಡ್ ಆಕ್ಸೈಡ್ ಪುಡಿ ಕಲಸಿ ತುಂಬಿಸಿ. ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಕಾಣಲಿ ಬಿಡಿ. ಒಣಗಿದ ಮೇಲೆ ಹಳೇ ಪಂಚೆ ತುಂಡಿನಲ್ಲಿ ಕೊಬ್ಬರಿ ಎಣ್ಣೆ ತೆಳ್ಳಗೆ ಉಜ್ಜಿ. ಜಾಸ್ತಿಯಾದರೆ ಜಾರುತ್ತದೆ, ನಮ್ಮಮ್ಮ ಬಿದ್ದಿದ್ದರು.

ಗೋಡೆ ಮಣ್ಣಿನದು, ಮೇಲೆ ಸುಣ್ಣದ ಗಾರೆ ಅಲ್ವಾ? ಹಾಗಾದರೆ ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಬೇಡವೇ ಬೇಡ. ಒಳಗಿನ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ. ನಮ್ಮನೆಯಲ್ಲಿ ಎರಡೇ ಮಳೆಗಾಲಕ್ಕೆ ಪೇಂಟ್ ಹಪ್ಪಳದ ಹಾಗೆ ಉಬ್ಬಿತ್ತು. ಉಗುರು ತಾಗಿಸಿದರೆ ಹಾಳೆ ಹಾಳೆಯಾಗಿ ಕೈಗೆ ಬರುತ್ತಿತ್ತು. ಸುಣ್ಣವನ್ನೇ ನೀರಲ್ಲಿ ನೆನೆಸಿ, ಸೋಸಿ, ತೆಳ್ಳಗೆ ಮೂರು ಸಲ ಬಳಿಸಿ. ಕಣ್ಣಿಗೆ ಮಾತ್ರ ಸಿಡಿಯಬಾರದು.

ದುಡ್ಡು ಉಳಿದರೆ ಬಾಗಿಲಿನ ಹಳೇ ಬಣ್ಣ ಒಂದು ಮೂಲೆಯಲ್ಲಿ ಕೆರೆದು ನೋಡಿ. ಒಳಗೆ ಹಲಸೋ ಸಾಗುವಾನಿಯೋ ಇರಬಹುದು.