ಹೆಬ್ಬೆಟ್ಟು ಒತ್ತುವ ಮಗಳು

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಮೇಷ್ಟ್ರು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ನಮ್ಮ ಮನೆಯೊಳಗೆ ಟವರ್ ಸಿಗುವುದಿಲ್ಲ. ಕೊಟ್ಟಿಗೆ ಹಿಂದಿನ ಹಲಸಿನ ಮರದ ಬುಡಕ್ಕೆ ಹೋಗಿ ನಿಂತು ಅವಳಿಗೆ ಫೋನ್ ಮಾಡುತ್ತೇನೆ. ಎತ್ತುವುದಿಲ್ಲ. ರಿಂಗ್ ನಿಂತು ಅರ್ಧ ನಿಮಿಷ ಆಗಿರುವುದಿಲ್ಲ, ‘ಹೇಳಪ್ಪ’ ಎಂದು ಮೆಸೇಜ್ ಬರುತ್ತದೆ. ಫೋನ್ ಕೈಯಲ್ಲೇ ಇದ್ದಮೇಲೆ ಮಾತಾಡಲು ಏನು ಧಾಡಿ? ‘ಊಟ ಆಯ್ತಾ’ ಎಂದು ಬರೆದರೆ ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಾಳೆ. ಹೆಬ್ಬೆಟ್ಟು ಒತ್ತುವವರಿಗೆ ರುಜು ಹಾಕಲು ಕಲಿಸುತ್ತಾ 33 ವರ್ಷ ಸವೆಸಿದವನು ನಾನು. ಈಗ ಎಂಜಿನಿಯರಿಂಗ್ ಓದಿದ ನನ್ನ ಮಗಳೇ ಹೆಬ್ಬೆಟ್ಟು ಒತ್ತುತ್ತಾಳೆ. ನನಗೆ ಬೇಸರವಿದೆ. ಈಗಿನವರಿಗೆ ಮಾತೇ ಬೇಡವಾಯಿತೇ? ನಾನು ಫೋನ್ ಮಾಡುವುದನ್ನು ಬಿಟ್ಟುಬಿಡಲೇ? ಹೆಸರು ಹಾಕಬೇಡಿ, ಅವಳು ನಿಮ್ಮ ಪತ್ರಿಕೆ ಓದುತ್ತಾಳೆ.

ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಹೆಬ್ಬೆಟ್ಟಿನ ಮಾತಿಗೆ ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಫೋನ್ ತೆಗೆದು ನೋಡಿಕೊಂಡರು. ಮನೆಯವರ ಮಿಸ್ಡ್ ಕಾಲ್ ಒಂದೂ ಇಲ್ಲದವರು ನಮ್ಮಲ್ಲಿ ಇರಲಿಲ್ಲ, ನನ್ನನ್ನೂ ಸೇರಿಸಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮ ಕಚೇರಿಯ ಫೋನ್ ನಂಬರ್ ಪ್ರತಿ ಸಂಚಿಕೆಯಲ್ಲೂ ಅಚ್ಚಾಗುತ್ತದೆ. ನೀವು ಫೋನ್ ಮಾಡಲಿಲ್ಲ, ಪತ್ರ ಬರೆದಿರಿ. ಒಂದು ಕಡೆ ‘ಸಿಟ್ಟಿದೆ’ ಎಂದು ಬರೆದು, ಹೊಡೆದುಹಾಕಿ, ಮೇಲೆ ‘ಬೇಸರವಿದೆ’ ಎಂದು ಸೇರಿಸಿದ್ದೀರಿ. ಫೋನಿನಲ್ಲಾಗಿದ್ದರೆ ಆ ಸಿಟ್ಟು ನನ್ನ ಕಿವಿಗೆ ಬಿದ್ದೇ ಬಿಡುತ್ತಿತ್ತು. ಬರೆಯುವವನಿಗೆ ಹೊಡೆದುಹಾಕುವ ಅವಕಾಶವಿದೆ, ಓದುವವನಿಗೆ ತನಗೆ ಪುರುಸೊತ್ತಾದಾಗ ಓದುವ ಅವಕಾಶವಿದೆ. ನಿಮ್ಮ ಮಗಳು ಕೇಳುತ್ತಿರುವುದೂ ಇಷ್ಟನ್ನೇ ಇರಬಹುದು.

ಪರಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಆಪರೇಟರ್ ಜೋಡಿಸಿಕೊಡುವವರೆಗೆ ಅಂಚೆ ಕಚೇರಿಯ ಬೆಂಚಿನ ಮೇಲೆ ಕಾದದ್ದು ನಿಮಗೆ ನೆನಪಿರುತ್ತದೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಅದರಲ್ಲಿ ಮೂರು ದರ್ಜೆ. ಆಪರೇಟರ್ ಹಂಗಿಲ್ಲದ ಎಸ್‌ಟಿಡಿ 1960ರಲ್ಲೇ ಕಾನ್ಪುರ ಮತ್ತು ಲಖನೌ ನಡುವೆ ಶುರುವಾದರೂ ನಮ್ಮಂಥವರ ಕೈಗೆ ಅದು ಸಿಕ್ಕಿದ್ದು ಹಳದಿ ಬೋರ್ಡಿನ ಬೂತ್‌ಗಳು ಬಂದಮೇಲೆ. ಗಾಜಿನ ಗೂಡಿನೊಳಗೆ ನಿಂತು, ಮೀಟರಿನಲ್ಲಿ ಓಡುವ ಕೆಂಪು ಅಂಕಿಯ ಮೇಲೆ ಒಂದು ಕಣ್ಣಿಟ್ಟು, ‘ಎಲ್ಲ ಆರಾಮು, ಇಡ್ತೀನಿ’ ಎನ್ನುತ್ತಿದ್ದೆವು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತದಿಂದ ದೆಹಲಿಯ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರಲ್ಲ, ಆಗಿನ ಮೊಬೈಲಿನಲ್ಲಿ ಕರೆ ಮಾಡಿದವನ ಜೊತೆಗೆ ಎತ್ತಿದವನೂ ದುಡ್ಡು ಕೊಡಬೇಕಿತ್ತು. ಒಳಬರುವ ಕರೆ ಬಿಟ್ಟಿಯಾದದ್ದು 2003ರಲ್ಲಿ. ಆ ಹೊತ್ತಿಗೆ ನಮ್ಮ ಜನ ಮಿಸ್ಡ್ ಕಾಲಿನ ಭಾಷೆಯನ್ನೇ ಕಟ್ಟಿಕೊಂಡಿದ್ದರು. ಒಂದು ರಿಂಗ್ ಎಂದರೆ ಬಸ್ ಇಳಿದೆ, ಎರಡು ರಿಂಗ್ ಎಂದರೆ ನೀನೇ ಫೋನ್ ಮಾಡು. ಮಾತಿಲ್ಲದೆ ಸುದ್ದಿ ಮುಟ್ಟಿಸುವ ಚಾಳಿ ಅಲ್ಲಿಂದಲೇ ಇದೆ. ಅದನ್ನು ಕಲಿಸಿದವರು ನಿಮ್ಮ ಮಗಳ ತಲೆಮಾರಿನವರಲ್ಲ, ನಾವು.

ಕರೆ ದುಬಾರಿಯಾಗಿದ್ದಷ್ಟು ದಿನ ರಿಂಗ್ ಎಂದರೆ ಏನೋ ಸುದ್ದಿ ಎಂದೇ ಅರ್ಥ. ಹೆರಿಗೆ, ಸಾವು, ಗಂಡಿನ ಕಡೆಯವರ ಒಪ್ಪಿಗೆ. ಅದಕ್ಕೇ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಮೇಲೆ ಕರೆಗೆ ಬೇರೆ ಲೆಕ್ಕವೇ ಇಲ್ಲವಾಯಿತು. ಹಾಗೆಂದು ಕರೆಯ ಬೆಲೆ ಮಾಯವಾಯಿತು ಅಂದುಕೊಳ್ಳಬೇಡಿ. ಮೊದಲು ಅದನ್ನು ಮಾಡುವವನು ತೆರುತ್ತಿದ್ದ, ಈಗ ಎತ್ತುವವನು ತೆರುತ್ತಾನೆ. ದುಡ್ಡಲ್ಲಲ್ಲ, ಹೊತ್ತಿನಲ್ಲಿ, ಗಮನದಲ್ಲಿ. ರಿಂಗ್ ಎಂಬುದು ‘ನೀನು ಏನು ಮಾಡುತ್ತಿದ್ದರೂ ಸರಿ, ಅದನ್ನು ಬಿಟ್ಟು ಈಗಲೇ ಬಾ’ ಎಂಬ ಕರೆ. ಬಿಟ್ಟಿಯಾದಮೇಲೆ ಆ ಅಪ್ಪಣೆಯನ್ನು ಯಾರು ಬೇಕಾದರೂ ಹೊರಡಿಸಬಹುದು, ಹೊರಡಿಸುತ್ತಿದ್ದಾರೆ ಕೂಡ. ಬೆಳಿಗ್ಗೆ ಹತ್ತಕ್ಕೆ ಪರ್ಸನಲ್ ಲೋನ್, ಹನ್ನೊಂದಕ್ಕೆ ದೇವನಹಳ್ಳಿ ಕಡೆ ಸೈಟು, ಊಟದ ಹೊತ್ತಿಗೆ 140ರಿಂದ ಶುರುವಾಗುವ ಇನ್ನೊಂದು ನಂಬರ್. ನಡುವೆ ಪೊಲೀಸ್ ಎಂದು ಹೇಳಿಕೊಂಡು ‘ಡಿಜಿಟಲ್ ಅರೆಸ್ಟ್’ ಮಾಡುವ ಕಳ್ಳರು. ದಿನಕ್ಕೆ ಹತ್ತು ಸಲ ಹೀಗಾದರೆ ಕೈ ತಾನಾಗಿ ಕೆಂಪು ಬಟನ್ ಕಡೆ ಹೋಗುವುದು ಅಭ್ಯಾಸವಾಗಿಬಿಡುತ್ತದೆ. ಅದರ ಏಟು ಹಲಸಿನ ಮರದ ಬುಡದಲ್ಲಿ ನಿಂತ ಅಪ್ಪನಿಗೂ ಬೀಳುತ್ತದೆ.

ಅವಳು ಎಲ್ಲಿ ಕೂತು ಫೋನ್ ನೋಡುತ್ತಿರುತ್ತಾಳೆ ಎಂಬುದನ್ನೂ ಕೊಂಚ ಯೋಚಿಸಿ. ಉದ್ದದ ಟೇಬಲ್ಲು, ಅಕ್ಕಪಕ್ಕ ಹತ್ತು ಜನ, ಕಿವಿಗೆ ಹೆಡ್‌ಫೋನ್, ಒಂದಾದಮೇಲೊಂದು ಮೀಟಿಂಗ್. ಸಂಜೆ ಪಿಜಿಗೆ ಹೋದರೆ ಒಂದು ಕೋಣೆಗೆ ಮೂವರು. ಎಲ್ಲರೆದುರು ‘ಅಪ್ಪ, ಈ ತಿಂಗಳು ದುಡ್ಡು ಸಾಲಲಿಲ್ಲ’ ಎನ್ನಲು ಆಗುತ್ತದೆಯೇ? ನಮ್ಮ ಮನೆಯ ಹಳೇ ಲ್ಯಾಂಡ್‌ಲೈನ್ ಹಾಲಿನ ಮಧ್ಯೆ, ಸ್ಟೂಲಿನ ಮೇಲೆ, ಕ್ರೋಶಾ ಹೊದಿಕೆ ಹೊದ್ದು ಕೂತಿರುತ್ತಿತ್ತು. ಅತ್ತಿಗೆ ತವರಿಗೆ ಫೋನ್ ಮಾಡಿದರೆ ಮನೆಯವರೆಲ್ಲ ಪೇಪರ್ ಹಿಡಿದು ಸುಮ್ಮನಾಗಿಬಿಡುತ್ತಿದ್ದರು. ಆಕೆ ‘ಹ್ಞೂಂ’, ‘ಇಲ್ಲ’, ‘ಆಮೇಲೆ’ ಎಂಬ ಮೂರೇ ಪದಗಳಲ್ಲಿ ತನ್ನ ಕಷ್ಟವನ್ನೆಲ್ಲ ಅಮ್ಮನಿಗೆ ಹೇಳುವುದನ್ನು ಕಲಿತಿದ್ದರು. ಕೈಯೊಳಗಿನ ಮೆಸೇಜ್ ಅಂಥ ಎಷ್ಟು ಹೆಣ್ಣುಮಕ್ಕಳಿಗೆ ಬಾಯಿ ಕೊಟ್ಟಿದೆಯೋ!

ನಮ್ಮಲ್ಲೊಬ್ಬರು ಉಪಸಂಪಾದಕರಿದ್ದಾರೆ, ಮಾತು ತೊದಲುತ್ತದೆ. ಎದುರಿಗೆ ಕೂತವರೊಡನೆ ಹೇಗೋ ಸುಧಾರಿಸುತ್ತಾರೆ. ಫೋನಿನಲ್ಲಿ ‘ಯಾರು?’ ಎಂದು ಕೇಳಿದಾಗ ತಮ್ಮ ಹೆಸರು ಹೇಳುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟ. ಆ ಎರಡು ಕ್ಷಣದ ಮೌನಕ್ಕೆ ಎಷ್ಟೋ ಜನ ‘ಹಲೋ, ಹಲೋ’ ಎಂದು ಇಟ್ಟುಬಿಡುತ್ತಾರಂತೆ. ಮೆಸೇಜ್ ಬಂದಮೇಲೆ ಈ ಮನುಷ್ಯ ಎಂಥ ತಮಾಷೆಗಾರ ಎಂಬುದು ನಮಗೆಲ್ಲ ಗೊತ್ತಾಯಿತು. ಕಿವಿ ಕೇಳದವರ ವಿಷಯವನ್ನಂತೂ ಹೇಳಬೇಕಾಗಿಯೇ ಇಲ್ಲ.

ಆ ಎರಡು ಕ್ಷಣದ ಮಾತು ಬಂತಲ್ಲ, ಅದರ ಮೇಲೆ ಒಂದು ಸಂಶೋಧನೆಯೇ ನಡೆದಿದೆ. 2009ರಲ್ಲಿ ವಿದ್ವಾಂಸರ ಗುಂಪೊಂದು ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದು ನೋಡಿತು. ಕನ್ನಡ ಅದರಲ್ಲಿಲ್ಲ, ಇರಲಿ. ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ 0.2 ಸೆಕೆಂಡು, ಅಂದರೆ ಹೆಚ್ಚುಕಡಿಮೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಎದುರಿಗಿದ್ದಾಗ ಮುಖ ನೋಡಿಕೊಂಡು ನಿಭಾಯಿಸುತ್ತೇವೆ. ಫೋನಿನಲ್ಲಿ ಮುಖವಿಲ್ಲ. ಜೊತೆಗೆ ನಿಮ್ಮ ಮಲೆನಾಡಿನ ಟವರ್. ನೀವು ‘ಹಲೋ’ ಎಂದದ್ದು ಅಲ್ಲಿಗೆ ತಡವಾಗಿ ತಲುಪಿ, ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗಿ, ‘ಹೇಳು’, ‘ಇಲ್ಲ, ನೀವೇ ಹೇಳಿ’ ಎನ್ನುವಷ್ಟರಲ್ಲಿ ಕಟ್. ಮೆಸೇಜಿಗೆ ಈ ಗೋಳಿಲ್ಲ. ಎಸ್‌ಎಂಎಸ್ ಕಂಪನಿಯ ಕೇಂದ್ರದಲ್ಲಿ ಕಾದು ಕೂತು, ನಿಮ್ಮ ಫೋನಿಗೆ ಟವರ್ ಸಿಕ್ಕಿದ ಗಳಿಗೆಯಲ್ಲಿ ಬಂದು ಬೀಳುತ್ತದೆ. ಹಲಸಿನ ಮರದ ಬುಡಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಬರಬೇಕಿಲ್ಲ.

ಅಂದಹಾಗೆ, ಎಸ್‌ಎಂಎಸ್‌ಗೂ ನೀವು ಬರೆಯುತ್ತಿದ್ದ ಕಾರ್ಡಿಗೂ ನೆಂಟಸ್ತಿಕೆಯಿದೆ. 1985ರಲ್ಲಿ ಜರ್ಮನಿಯ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಟೈಪ್‌ರೈಟರ್ ಮುಂದೆ ಕೂತು ಮನಸ್ಸಿಗೆ ಬಂದ ವಾಕ್ಯಗಳನ್ನೆಲ್ಲ ಬಡಿದು, ಅಕ್ಷರ ಎಣಿಸಿ, ಒಂದು ಮೆಸೇಜಿಗೆ 160 ಸಾಕು ಎಂದು ಲೆಕ್ಕ ಹಾಕಿದರು. ಜನ ಪೋಸ್ಟ್‌ಕಾರ್ಡಿನಲ್ಲಿ ಎಷ್ಟು ಬರೆಯುತ್ತಾರೆ ಎಂಬುದನ್ನೂ ಗಮನಿಸಿದ್ದರು. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ, ಕ್ರಿಸ್‌ಮಸ್ ಶುಭಾಶಯ. ಆದರೆ ಆ 160 ಇಂಗ್ಲಿಷಿನ ಲೆಕ್ಕ. ಕನ್ನಡಕ್ಕೆ ಅದೇ ಜಾಗದಲ್ಲಿ ಸಿಗುವುದು 70. ಅದರಲ್ಲೂ ಒತ್ತಕ್ಷರ, ಗುಣಿತ ಎಲ್ಲಕ್ಕೂ ಬೇರೆ ಬೇರೆ ಮನೆ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಮನೆ ನುಂಗುತ್ತದೆ. ಹಳೇ ಫೋನುಗಳಲ್ಲಂತೂ ಕನ್ನಡ ಮೂಡುತ್ತಲೇ ಇರಲಿಲ್ಲ. ಒಂದು ಇಡೀ ತಲೆಮಾರು ‘ಊಟ ಆಯ್ತಾ’ ಎಂಬುದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಲು ಕಲಿತದ್ದು ಶೋಕಿಗೆ ಮಾತ್ರ ಅಲ್ಲ. ನಿಮ್ಮ ಮಗಳು ಕನ್ನಡದಲ್ಲೇ ‘ಹೇಳಪ್ಪ’ ಎಂದು ಬರೆಯುತ್ತಿದ್ದರೆ ನಿಮ್ಮ ಮೇಷ್ಟ್ರುಗಿರಿ ದಂಡವಾಗಿಲ್ಲ.

ಇನ್ನು ‘ಮತ್ತೆ?’ ಎಂಬ ಪದ. ನಮ್ಮ ಫೋನ್ ಮಾತಿನ ದೊಡ್ಡ ತಾಪತ್ರಯ ಇದು. ಹೇಳಬೇಕಾದದ್ದು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ‘ಮತ್ತೆ?’ ‘ಮತ್ತೇನಿಲ್ಲ.’ ‘ಮತ್ತೆ ಮಳೆ?’ ‘ಅದೇ, ಹೊಯ್ತಾ ಇದೆ.’ ‘ಹ್ಞಾಂ... ಮತ್ತೆ?’ ‘ಸರಿ, ಇಡ್ಲಾ?’ ‘ಇಡು, ಇಡು. ಅಂದಹಾಗೆ...’ ಹೀಗೆ ಬಾಗಿಲಲ್ಲಿ ನಿಂತು ಹದಿನೈದು ನಿಮಿಷ. ಎದ್ದು ಹೋಗುವಾಗಲೂ ‘ಬರ್ತೀನಿ’ ಎನ್ನುವ ಜನ ನಾವು, ಫೋನನ್ನು ಸುಮ್ಮನೆ ಹೇಗೆ ಇಟ್ಟೇವು? ಈಗಿನ ಹುಡುಗರಿಗೆ ಮಾತಿನ ಭಯಕ್ಕಿಂತ ಈ ಮುಗಿಸುವ ಭಯ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಎತ್ತಿದರೆ ಯಾವಾಗ ಬಿಡುಗಡೆಯೋ ಗೊತ್ತಿಲ್ಲ, ನಡುವೆ ಇಟ್ಟರೆ ಅಪ್ಪನಿಗೆ ಬೇಜಾರು. ಎತ್ತದಿದ್ದರೆ ಇನ್ನೂ ಬೇಜಾರು ಎಂಬುದು ಆ ಹೊತ್ತಿಗೆ ಹೊಳೆಯುವುದಿಲ್ಲ, ಅಷ್ಟೇ.

ಇಷ್ಟೆಲ್ಲ ವಕಾಲತ್ತು ವಹಿಸಿದ ಮೇಲೆ ನನ್ನ ತಪ್ಪೊಪ್ಪಿಗೆಯೂ ಆಗಿಬಿಡಲಿ. ಹೋದ ತಿಂಗಳು ಅಮ್ಮನ ಫೋನ್ ಬಂತು. ಕಟ್ ಮಾಡಿ, ಫೋನಿನಲ್ಲಿ ಸಿದ್ಧವಾಗಿಯೇ ಇರುವ ‘ಮೀಟಿಂಗ್‌ನಲ್ಲಿದ್ದೇನೆ’ ಎಂಬುದನ್ನು ಒತ್ತಿದೆ. ಮೀಟಿಂಗೂ ಇಲ್ಲ, ಮಣ್ಣೂ ಇಲ್ಲ. ಕಚೇರಿ ಎದುರಿನ ಗಾಡಿಯ ಹತ್ತಿರ ಚುರುಮುರಿ ತಿನ್ನುತ್ತಾ ನಿಂತಿದ್ದೆ. ಸಂಜೆ ಫೋನ್ ಮಾಡಿದರೆ ಅಮ್ಮ, ‘ಏನಿಲ್ಲ ಕಣೋ, ಮಧ್ಯಾಹ್ನ ಒಂದು ಥರಾ ಆಗ್ತಿತ್ತು, ಈಗ ಸರಿಹೋಯ್ತು’ ಎಂದರು. ಆ ‘ಒಂದು ಥರಾ’ ಏನು ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. ಅದು ಮಧ್ಯಾಹ್ನದ ಮಾತು, ಸಂಜೆಗೆ ಉಳಿದಿರಲಿಲ್ಲ.

ಅದಾದಮೇಲೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಶಾಲಾ ಹುಡುಗಿಯರಿಗೆ ಅಪರಿಚಿತರೆದುರು ಭಾಷಣ ಮಾಡಲು, ಲೆಕ್ಕ ಬಿಡಿಸಲು ಹೇಳಿದರು. ಗಾಬರಿಯಾದ ಮಕ್ಕಳಲ್ಲಿ ಕೆಲವರನ್ನು ಅಮ್ಮನ ಹತ್ತಿರ ಬಿಟ್ಟರು, ಕೆಲವರು ಅಮ್ಮನೊಡನೆ ಫೋನಿನಲ್ಲಿ ಮಾತಾಡಿದರು, ಕೆಲವರು ಮೆಸೇಜ್ ಮಾಡಿದರು, ಉಳಿದವರಿಗೆ ಅಮ್ಮನ ಸಂಪರ್ಕವೇ ಇಲ್ಲ. ಅಮ್ಮನ ದನಿ ಕೇಳಿದವರ ಮೈಯಲ್ಲಿ ಗಾಬರಿಯ ಹಾರ್ಮೋನು ಇಳಿಯಿತು. ಮೆಸೇಜ್ ಮಾಡಿದವರದ್ದು ಅಮ್ಮ ಸಿಗದೇ ಇದ್ದವರಷ್ಟೇ ಮೇಲಿತ್ತು. ಅಮ್ಮಂದಿರು ಬರೆದದ್ದರಲ್ಲಿ ಸಮಾಧಾನದ ಮಾತಿಗೇನು ಬರವಿರಲಿಕ್ಕಿಲ್ಲ. ದನಿ ಇರಲಿಲ್ಲ.

ದನಿಯಿಲ್ಲದ ಮಾತು ಏನು ಮಾಡಬಲ್ಲದು ಎಂಬುದನ್ನು ಬೆಂಗಳೂರು 2012ರ ಆಗಸ್ಟಿನಲ್ಲಿ ನೋಡಿದೆ. ಯಾರೋ ಹಬ್ಬಿಸಿದ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ರೈಲು ಹತ್ತಿ ಊರು ಬಿಟ್ಟರು. ಒಟ್ಟಿಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್‌ಎಂಎಸ್ ಕಳಿಸುವುದನ್ನು ಸರ್ಕಾರ 15 ದಿನ ನಿಲ್ಲಿಸಬೇಕಾಯಿತು. ಕರೆಯಾಗಿದ್ದರೆ ‘ಯಾರು ಹೇಳಿದ್ದು?’ ಎಂದಾದರೂ ಕೇಳಬಹುದಿತ್ತು.

ಹೆಬ್ಬೆಟ್ಟಿನ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಊಟ ಆಯ್ತಾ ಎಂಬುದು ನಮ್ಮಲ್ಲಿ ಊಟದ ಪ್ರಶ್ನೆಯೇ ಅಲ್ಲ. ಅದಕ್ಕೆ ಏನು ಸಾರು, ಎಷ್ಟು ಹೊತ್ತಿಗೆ, ಯಾರ ಜೊತೆ ಎಂದು ಕೊನೇಪಕ್ಷ ಮೂರು ಪದದ ಉತ್ತರ ಬೇಕು. ಮಗಳೇ, ಇದನ್ನು ಓದುತ್ತಿದ್ದರೆ, ಇಲ್ಲಿ ಅಪ್ಪ ಗೆದ್ದರು.

ಫೋನ್ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಬೇಡ. ಆದರೆ ಮನೆಗೆ ಹೋಗುವಾಗ ಅಂಗಳದಲ್ಲಿ ಒಮ್ಮೆ ಕೆಮ್ಮಿ ಒಳಗೆ ಹೋಗುತ್ತಿದ್ದೆವಲ್ಲ, ಹಾಗೆ ಮೊದಲು ಒಂದು ಮೆಸೇಜ್ ಹಾಕಿ: ‘ರಾತ್ರಿ ಎಂಟೂವರೆಗೆ ಹತ್ತು ನಿಮಿಷ ಮಾತಾಡೋಣವಾ?’ ಹತ್ತು ನಿಮಿಷ ಎಂದು ಬರೆಯುವುದನ್ನು ಮರೆಯಬೇಡಿ, ಮತ್ತು ಹತ್ತಾದ ಕೂಡಲೇ ನೀವೇ ಇಡಿ. ಎರಡನೇ ‘ಮತ್ತೆ?’ ಬೇಡ. ಬೇರೆ ಹೊತ್ತಿನಲ್ಲಿ ವಾಟ್ಸ್‌ಆ್ಯಪಿನ ಮೈಕ್ ಒತ್ತಿ ಹಿಡಿದು ದನಿಯನ್ನೇ ಕಳಿಸಿ. ಕೊಲ್ಲಿಗೆ ದುಡಿಯಲು ಹೋದವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಕಳಿಸುತ್ತಿದ್ದ ಕಾಲವಿತ್ತು, ಇದು ಅದೇ. ನಿಮ್ಮ ಮಳೆಯ ಸದ್ದು, ಕೊಟ್ಟಿಗೆಯ ದನದ ಕೂಗು ಅದರಲ್ಲಿ ಸೇರಿಕೊಂಡರೆ ಅಳಿಸಬೇಡಿ.

ಪತ್ರದ ಕೊನೆಯಲ್ಲಿ ನಿಮ್ಮ ನಂಬರ್ ಬರೆದಿದ್ದೀರಿ. ಈ ಸಂಚಿಕೆ ಮುದ್ರಣಕ್ಕೆ ಹೋದ ಮರುದಿನ ನಾನೇ ಫೋನ್ ಮಾಡುತ್ತೇನೆ. ಯಾವ ಹೊತ್ತಿಗೆ ಮರದ ಬುಡದಲ್ಲಿರುತ್ತೀರಿ ಎಂದು ಒಂದು ಮೆಸೇಜ್ ಹಾಕಿ.