ಒಂದೇ ರಿಪೋರ್ಟ್‌ನಲ್ಲಿ ಮೂರು ವೈರಸ್ ಬಂದರೆ ಅವು ಒಂದಕ್ಕೊಂದು ಬಲ ಕೊಡುತ್ತವೆಯೇ?

ನೀವು ಕೇಳಿದ್ದು ಇಷ್ಟು: ತಮ್ಮನಿಗೆ ಬೋನ್ ಮ್ಯಾರೋ ಕಸಿಯಾಗಿ ಆರು ವಾರವಾಗಿದೆ, ಈ ವಾರದ ರಕ್ತ ಪರೀಕ್ಷೆಯಲ್ಲಿ ಸಿಎಂವಿ (ಸೈಟೊಮೆಗಾಲೊವೈರಸ್), ಇಬಿವಿ (ಎಪ್‌ಸ್ಟೀನ್-ಬಾರ್ ವೈರಸ್), ಎಚ್‌ಎಚ್‌ವಿ-6 (ಹ್ಯೂಮನ್ ಹರ್ಪಿಸ್ ವೈರಸ್-6) ಮೂರೂ ಪಾಸಿಟಿವ್ ಬಂದಿವೆ, ವೈದ್ಯರು ಸಿಎಂವಿಗೆ ಮಾತ್ರ ಔಷಧಿ ಶುರು ಮಾಡಿದ್ದಾರೆ. ಮೂರೂ ಕೂಡಿಕೊಂಡು ಬಲಿಯುತ್ತಿವೆಯೇ, ಉಳಿದೆರಡನ್ನು ಹಾಗೇ ಬಿಟ್ಟದ್ದು ತಪ್ಪಲ್ಲವೇ ಎಂಬುದು ನಿಮ್ಮ ಆತಂಕ. ನಾನು ಮೈಕ್ರೋಬಯಾಲಜಿ ವೈದ್ಯೆ, ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುವ ಇಂಥ ವೈರಲ್ ಲೋಡ್ ರಿಪೋರ್ಟ್‌ಗಳಿಗೆ ಹನ್ನೆರಡು ವರ್ಷದಿಂದ ಸಹಿ ಹಾಕುತ್ತಿದ್ದೇನೆ. ನಿಮ್ಮ ತಮ್ಮನನ್ನು ನಾನು ಪರೀಕ್ಷಿಸಿಲ್ಲ, ಅವರ ಚಿಕಿತ್ಸೆಯ ತೀರ್ಮಾನ ಅವರ ವೈದ್ಯರದೇ. ಈ ವೈರಸ್‌ಗಳ ನಡುವೆ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ.

ಮೂರೂ ಹರ್ಪಿಸ್ ಕುಟುಂಬದವು. ಈ ಕುಟುಂಬದ ವೈರಸ್ ಒಮ್ಮೆ ಮೈ ಹೊಕ್ಕರೆ ಜೀವಮಾನವಿಡೀ ಬಿಟ್ಟುಹೋಗುವುದಿಲ್ಲ. ಎಚ್‌ಎಚ್‌ವಿ-6 ಬಹುತೇಕ ಎಲ್ಲ ಮಕ್ಕಳಿಗೂ ಎರಡು ವರ್ಷ ತುಂಬುವುದರೊಳಗೆ ತಗುಲಿರುತ್ತದೆ. ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಇಬಿವಿ ಇದೆ, ನನ್ನ ಮೈಯಲ್ಲೂ ಇದ್ದೇ ಇರುತ್ತದೆ. ಇಬಿವಿ ಬಿ ಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ, ಸಿಎಂವಿ ಮಜ್ಜೆಯ ಎಳೆಯ ಕೋಶಗಳಲ್ಲಿ ಸದ್ದಿಲ್ಲದೆ ಕೂತಿರುತ್ತವೆ. ಅವು ತಲೆ ಎತ್ತದಂತೆ ನೋಡಿಕೊಳ್ಳುವುದು ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಕೆಲಸ. ಕಸಿಯಾದ ಮೇಲೆ ಆ ಟಿ ಕೋಶಗಳು ಮತ್ತೆ ಸಜ್ಜಾಗಲು ತಿಂಗಳುಗಳೇ ಬೇಕು. ಕಾವಲು ತಪ್ಪಿದಾಗ ಒಂದಲ್ಲ, ಹಲವು ಒಟ್ಟಿಗೇ ಏಳುತ್ತವೆ. ಆದ್ದರಿಂದ ಒಂದೇ ಹಾಳೆಯಲ್ಲಿ ಮೂರು ಹೆಸರು ಬಂದಾಗ ಮೊದಲು ಯೋಚಿಸಬೇಕಾದ್ದು ಅವುಗಳ ಒಳಸಂಚನ್ನಲ್ಲ, ಮೂರಕ್ಕೂ ಸಮಾನವಾದ ಈ ಒಂದು ಕಾರಣವನ್ನು.

ಹಾಗಂತ ಅವುಗಳ ನಡುವೆ ಸಂಬಂಧವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಿಎಂವಿ ಇದಕ್ಕೆ ಒಳ್ಳೆಯ ಉದಾಹರಣೆ. ಸೋಂಕು ತಗುಲಿದ ಕೋಶ ತನ್ನೊಳಗಿನ ವೈರಸ್ಸಿನ ತುಣುಕನ್ನು ಮೇಲ್ಮೈಯಲ್ಲಿ ಹಿಡಿದು ಟಿ ಕೋಶಕ್ಕೆ ತೋರಿಸುತ್ತದೆ. ಸಿಎಂವಿ ತನ್ನದೇ ಹಲವು ಪ್ರೋಟೀನ್‌ಗಳಿಂದ ಆ ತೋರಿಸುವ ಕೆಲಸವನ್ನೇ ತಡೆಯುತ್ತದೆ. ಸಾಲದ್ದಕ್ಕೆ, ನಮ್ಮ ದೇಹ ಉರಿಯೂತವನ್ನು ತಣಿಸಲು ಬಳಸುವ ಇಂಟರ್‌ಲ್ಯೂಕಿನ್-10 ಎಂಬ ಸಂಕೇತದ ನಕಲನ್ನು ತಾನೇ ತಯಾರಿಸಿ ಹರಡುತ್ತದೆ. ಮೊದಲೇ ಬಲಗುಂದಿದ ಮೈಯಲ್ಲಿ ಇದರಿಂದ ಲಾಭ ಸಿಎಂವಿಗೆ ಮಾತ್ರವಲ್ಲ. ಅಂಗಾಂಗ ಕಸಿಯಾದವರಲ್ಲಿ ಸಿಎಂವಿ ಏರಿದಾಗ ಫಂಗಸ್ ಸೋಂಕು, ಇಬಿವಿಯಿಂದಾಗುವ ಲಿಂಫೋಮಾದಂಥ (ದುಗ್ಧಗ್ರಂಥಿಗಳ ಕ್ಯಾನ್ಸರ್) ಕಾಯಿಲೆ, ಕಸಿ ಮಾಡಿದ ಅಂಗದ ತಿರಸ್ಕಾರ ಇವೂ ಹೆಚ್ಚಾಗಿ ಕಾಣುತ್ತವೆ. ಇವನ್ನು ಸಿಎಂವಿಯ ಪರೋಕ್ಷ ಪರಿಣಾಮಗಳು ಎನ್ನುತ್ತಾರೆ. ಆದರೆ ಇಲ್ಲಿ ನಾನು ಒಂದು ಎಚ್ಚರಿಕೆ ಹೇಳಲೇಬೇಕು. ಯಾರ ರೋಗನಿರೋಧಕ ಶಕ್ತಿ ಅತಿ ಹೆಚ್ಚು ಕುಗ್ಗಿದೆಯೋ ಅವರಿಗೇ ಸಿಎಂವಿಯೂ ಏರುತ್ತದೆ, ಫಂಗಸ್ಸೂ ಬರುತ್ತದೆ. ಎರಡು ಜೊತೆಗೆ ಕಂಡವು ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ತಂದಿತು ಎಂದಾಗುವುದಿಲ್ಲ.

ಒಂದನ್ನೊಂದು ನಿಜವಾಗಿಯೂ ಆಶ್ರಯಿಸಿರುವ ವೈರಸ್‌ಗಳೂ ಇವೆ. 1977ರಲ್ಲಿ ಇಟಲಿಯ ಮಾರಿಯೊ ರಿಜೆಟ್ಟೊ ಕಂಡುಹಿಡಿದ ಹೆಪಟೈಟಿಸ್ ಡಿ ವೈರಸ್‌ಗೆ ತನ್ನದೇ ಹೊರಕವಚವಿಲ್ಲ. ಹೆಪಟೈಟಿಸ್ ಬಿಯ ಕವಚವನ್ನು ತೊಟ್ಟೇ ಅದು ಕೋಶದಿಂದ ಕೋಶಕ್ಕೆ ಹೋಗಬೇಕು. ಎಚ್‌ಐವಿ ಇರುವವರಲ್ಲಿ ಕಾಣುವ ಒಂದು ಅಪರೂಪದ ಲಿಂಫೋಮಾದಲ್ಲಂತೂ ಒಂದೇ ಕ್ಯಾನ್ಸರ್ ಕೋಶದೊಳಗೆ ಹರ್ಪಿಸ್ ಕುಟುಂಬದ್ದೇ ಆದ ಎಚ್‌ಎಚ್‌ವಿ-8 ಮತ್ತು ಇಬಿವಿ ಎರಡೂ ಇರುವುದೇ ಹೆಚ್ಚು.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇದರ ಉಲ್ಟಾ ಸಂಬಂಧ, ಅಂದರೆ ಒಂದು ವೈರಸ್ ಇನ್ನೊಂದನ್ನು ಅದುಮಿಟ್ಟಿರುವುದು. ವೈರಸ್ ಹೊಕ್ಕ ಕೋಶ ಹೊರಬಿಟ್ಟು ಉಳಿದ ಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಸಿಕ್ಕಿದ್ದೇ ಈ ದಾರಿಯಲ್ಲಿ. ಒಂದು ವೈರಸ್ ಹೊಕ್ಕ ಕೋಶಕ್ಕೆ ಇನ್ನೊಂದು ಸುಲಭವಾಗಿ ತಗುಲುವುದಿಲ್ಲವೇಕೆ ಎಂದು ಹುಡುಕುತ್ತ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು 1957ರಲ್ಲಿ ಅದನ್ನು ಗುರುತಿಸಿದರು. ಯಕೃತ್ತಿನಲ್ಲಿ ಹೆಪಟೈಟಿಸ್ ಸಿ ಮತ್ತು ಬಿ ಒಟ್ಟಿಗೆ ಇದ್ದಾಗ ಸಾಮಾನ್ಯವಾಗಿ ಸಿಯದೇ ಮೇಲುಗೈ. ಸಿ ಎಬ್ಬಿಸಿದ ಇಂಟರ್‌ಫೆರಾನ್ ಪ್ರತಿಕ್ರಿಯೆ ಬಿಯನ್ನು ತಗ್ಗಿಸಿಡುತ್ತದೆ. ಹೊಸ ಮಾತ್ರೆಗಳು ಬಂದು ಸಿಯನ್ನು ಕೆಲವೇ ವಾರಗಳಲ್ಲಿ ತೊಳೆದುಹಾಕಲು ಶುರು ಮಾಡಿದಾಗ, ಸುಮ್ಮನಿದ್ದ ಬಿ ಎದ್ದಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಈ ಮಾತ್ರೆಗಳ ಮೇಲೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಆಗ ಅದರ ಕೈಯಲ್ಲಿದ್ದದ್ದು 24 ಪ್ರಕರಣ. ಅವರಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರಿಗೆ ಯಕೃತ್ತಿನ ಕಸಿ ಬೇಕಾಗಿತ್ತು.

ನಾನು ಕೂಡ ಅಂಥ ಒಬ್ಬರನ್ನು ನೋಡಿದ್ದೇನೆ. ಮೂತ್ರಪಿಂಡ ಕಸಿಯಾದವರು. ಹೆಪಟೈಟಿಸ್ ಸಿ ಗುಣವಾಯಿತೆಂದು ಮನೆಯವರೆಲ್ಲ ಖುಷಿಪಟ್ಟಿದ್ದರು. ಸ್ವಲ್ಪ ದಿನದಲ್ಲೇ ಕಣ್ಣು ಹಳದಿಯಾಗಿ ಬಂದರು. ಬಿ ವೈರಸ್‌ನ ಲೋಡ್ ಕೋಟಿ ದಾಟಿತ್ತು. ಹಳೆಯ ಫೈಲಿನಲ್ಲಿ ಹೆಪಟೈಟಿಸ್ ಬಿ ಕೋರ್ ಆಂಟಿಬಾಡಿ ಪಾಸಿಟಿವ್, ಅಂದರೆ ಬಿ ಹಿಂದೊಮ್ಮೆ ತಗುಲಿತ್ತು ಎಂಬ ಸಾಲು ಮೊದಲಿನಿಂದಲೂ ಇತ್ತು, ಚಿಕಿತ್ಸೆ ಶುರುವಾಗುವಾಗ ಯಾರೂ ಆ ಪುಟ ತಿರುವಿರಲಿಲ್ಲ. ಅವರು ಉಳಿದರು. ಆದರೆ ಆ ಮೇಲೆ ಸೋಂಕಿನ ಚಿಕಿತ್ಸೆಯ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಒಂದು ವೈರಸ್ಸಿಗೆ ಕೈ ಹಾಕುವ ಮುನ್ನ, ಆಗ ಇನ್ನೊಂದು ಏನು ಮಾಡೀತು ಎಂದು ಕೇಳಿ.

ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಎರಡೂ ಇರುವವರಿಗೂ ಇದು ಅನ್ವಯಿಸುತ್ತದೆ. ಟೆನೊಫೊವಿರ್ ಎಂಬ ಔಷಧಿ ಎರಡರ ಮೇಲೂ ಕೆಲಸ ಮಾಡುತ್ತದೆ. ಎಚ್‌ಐವಿಯ ಮಾತ್ರೆ ಬದಲಿಸುವಾಗ ಬಿಯನ್ನು ಮರೆತು ಅದನ್ನು ತೆಗೆದರೆ ಯಕೃತ್ತು ಒಮ್ಮೆಲೇ ಉರಿದೇಳಬಹುದು.

ಈಗ ನಿಮ್ಮ ತಮ್ಮನ ವಿಷಯ. ಸಿಎಂವಿಗೆ ಕೊಡುತ್ತಿರುವುದು ಗ್ಯಾನ್ಸಿಕ್ಲೊವಿರ್ ಆಗಿದ್ದರೆ ಅದು ಎಚ್‌ಎಚ್‌ವಿ-6ರ ಮೇಲೂ ಒಂದಷ್ಟು ಕೆಲಸ ಮಾಡುತ್ತದೆ, ಹಾಗಾಗಿ ಅದನ್ನು ಪೂರ್ತಿ ಬಿಟ್ಟಂತಲ್ಲ. ಕಸಿಯಾದ ಎರಡರಿಂದ ನಾಲ್ಕು ವಾರಗಳಲ್ಲಿ ಈ ವೈರಸ್ ರಕ್ತದಲ್ಲಿ ಕಾಣುವುದು ಸಾಮಾನ್ಯ, ಹೆಚ್ಚಿನವರಲ್ಲಿ ತಾನೇ ಇಳಿಯುತ್ತದೆ. ಇನ್ನೊಂದು ವಿಚಿತ್ರವೂ ಇದೆ. ಸುಮಾರು ನೂರಕ್ಕೆ ಒಬ್ಬರಲ್ಲಿ ಎಚ್‌ಎಚ್‌ವಿ-6 ವಂಶವಾಹಿಯೊಳಗೇ ಸೇರಿಕೊಂಡು ತಂದೆ ತಾಯಿಯಿಂದ ಬಂದಿರುತ್ತದೆ. ದಾನಿ ಅಂಥವರಾಗಿದ್ದರೆ ಸೋಂಕೇ ಇಲ್ಲದಿದ್ದರೂ ಲೋಡ್ ಲಕ್ಷಗಟ್ಟಲೆ ತೋರಿಸುತ್ತದೆ, ಔಷಧಿ ಎಷ್ಟು ಕೊಟ್ಟರೂ ಇಳಿಯುವುದಿಲ್ಲ.

ಇಬಿವಿಯ ಲೆಕ್ಕ ಬೇರೆ. ಅದು ಬಿ ಕೋಶವನ್ನೇ ಬೆಳೆಯುವಂತೆ ಮಾಡಿ ಅದರ ಜೊತೆ ತಾನೂ ಹೆಚ್ಚುತ್ತದೆ. ವೈರಸ್ ತನ್ನನ್ನು ನಕಲು ಮಾಡಿಕೊಳ್ಳುವುದನ್ನು ತಡೆಯುವ ಗ್ಯಾನ್ಸಿಕ್ಲೊವಿರ್‌ಗೆ ಅಲ್ಲಿ ಕೆಲಸವಿಲ್ಲ. ಲೋಡ್ ಏರುತ್ತಲೇ ಹೋದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯನ್ನು ಕಡಿಮೆ ಮಾಡುತ್ತಾರೆ, ಇಲ್ಲವೇ ಬಿ ಕೋಶಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಕೊಡುತ್ತಾರೆ. ಆ ರಿಟುಕ್ಸಿಮ್ಯಾಬ್ ಹಳೆಯ ಹೆಪಟೈಟಿಸ್ ಬಿಯನ್ನು ಎಬ್ಬಿಸುವುದರಲ್ಲಿ ಕುಖ್ಯಾತ. ಆದ್ದರಿಂದ ಅದರ ಮಾತು ಬಂದ ದಿನ, ತಮ್ಮನ ಮತ್ತು ದಾನಿಯ ಕೋರ್ ಆಂಟಿಬಾಡಿ ರಿಪೋರ್ಟ್ ಏನಿತ್ತು ಎಂದು ನೀವೇ ಕೇಳಿ. ಸಂಕೋಚ ಬೇಡ. ಹಾಗೆಯೇ ಮುಂದೆ ಸಿಎಂವಿ ಬಾರದಂತೆ ಲೆಟರ್ಮೊವಿರ್ ಮಾತ್ರೆ ಬರೆದರೆ, ಅದು ಸಿಎಂವಿಗೆ ಮಾತ್ರ. ಬಾಯಿಹುಣ್ಣಿನ ಹರ್ಪಿಸ್ಸಿಗಾಗಲೀ ಸರ್ಪಸುತ್ತಿಗಾಗಲೀ ಅದರಿಂದ ರಕ್ಷಣೆಯಿಲ್ಲ. ಅವೆರಡನ್ನು ತಡೆಯಲು ಜೊತೆಗಿರುವ ಅಸೈಕ್ಲೊವಿರ್ ಅನ್ನು ಮಾತ್ರೆ ಜಾಸ್ತಿಯಾಯಿತೆಂದು ನಿಲ್ಲಿಸಬೇಡಿ.

ಮೂರಕ್ಕೂ ಔಷಧಿ ಸುರಿದುಬಿಡಬಾರದೇಕೆ ಎಂದೂ ನಿಮಗೆ ಅನಿಸಬಹುದು. ಗ್ಯಾನ್ಸಿಕ್ಲೊವಿರ್ ಹೊಸ ಮಜ್ಜೆ ಕಷ್ಟಪಟ್ಟು ತಯಾರಿಸುತ್ತಿರುವ ಬಿಳಿ ರಕ್ತಕಣಗಳನ್ನೇ ಇಳಿಸುತ್ತದೆ, ಇನ್ನೊಂದು ಔಷಧಿ ಫಾಸ್ಕಾರ್ನೆಟ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಅಗತ್ಯವಿಲ್ಲದ ವೈರಸ್ಸಿಗೆ ಕೊಟ್ಟ ಔಷಧಿ ಬ್ಯಾಕ್ಟೀರಿಯಾ ಮತ್ತು ಫಂಗಸ್ಸಿಗೆ ಬಾಗಿಲು ತೆರೆದೀತು.

ಒಂದು ವಾರದ ಅಂಕಿಯನ್ನು ನೋಡಿ ಎದೆಗುಂದಬೇಡಿ. ಮೂರೂ ವೈರಸ್‌ಗಳ ವಾರವಾರದ ಲೋಡ್ ಅನ್ನು ಒಂದೇ ಹಾಳೆಯಲ್ಲಿ ಬರೆದಿಡಿ. ಪ್ರತಿ ಸಲ ಅದೇ ಲ್ಯಾಬ್, ಅದೇ ಬಗೆಯ ಮಾದರಿ ಇರಲಿ, ಏಕೆಂದರೆ ಪ್ಲಾಸ್ಮಾದ (ರಕ್ತಕಣ ತೆಗೆದ ದ್ರವ) ಅಂಕಿಯನ್ನು ಪೂರ್ತಿ ರಕ್ತದ ಅಂಕಿಯೊಂದಿಗೆ ಹೋಲಿಸಲಾಗದು. ಅಂಕಿ ಏನೇ ಇರಲಿ, ಕೆಲವು ಲಕ್ಷಣಗಳಿಗೆ ಕಾಯುವಂತಿಲ್ಲ: ಈಗಷ್ಟೇ ಆಡಿದ ಮಾತು ಮರೆಯುವುದು, ಗೊಂದಲ ಅಥವಾ ಫಿಟ್ಸ್ ಬಂದರೆ ಎಚ್‌ಎಚ್‌ವಿ-6 ಮಿದುಳಿಗೆ ಹೋಗಿರಬಹುದು, ಬಿಡದ ಜ್ವರದ ಜೊತೆ ಕುತ್ತಿಗೆಯಲ್ಲೋ ಕಂಕುಳಲ್ಲೋ ಗಂಟು ಕಂಡರೆ ಇಬಿವಿಯ ಕಡೆ ನೋಡಬೇಕು, ಏದುಸಿರು, ರಕ್ತಭೇದಿ, ಕಣ್ಣು ಮಂಜಾಗುವುದು ಸಿಎಂವಿಯದಿರಬಹುದು. ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ರಿಪೋರ್ಟ್ ಬರಲಿ ಎಂದು ಕೂರಬೇಡಿ, ರಾತ್ರಿಯಾದರೂ ಸರಿ, ಕಸಿ ಮಾಡಿದ ವಾರ್ಡಿಗೆ ಆಗಲೇ ಫೋನ್ ಮಾಡಿ.