ಹಳೇ ಉಪ್ಪರಿಗೆಯ ಮರದ ಹಲಗೆಗೆ ಶೈನಿಂಗ್ ಇಲ್ಲದ ನ್ಯಾಚುರಲ್ ಲುಕ್ ಬರ್ಲಿಕ್ಕೆ ಎಂತ ಮಾಡ್ಬೇಕು?

ನಿಮ್ಮ ಉಡುಪಿ ಮನೆದು ಹಲಸಿನ ಹಲಗೆ, ಹಳೇ ವಾರ್ನಿಶ್ ಎದ್ದಿದೆ ಅಂದ್ರಿ, ಹಾಗಾದ್ರೆ ಯಾವ ಪಾಲಿಶ್ ಅಂತ ಈಗ್ಲೇ ತಲೆಬಿಸಿ ಬೇಡ ಮಾರಾಯ್ರೆ, ಮುಕ್ಕಾಲು ಕೆಲ್ಸ ಉಜ್ಜೋದ್ರಲ್ಲೇ ಉಂಟು. ಎದ್ದ ಮೊಳೆ ಎಲ್ಲ ಮೊದ್ಲು ಒಳಗೆ ಹೊಡೀರಿ, ಇಲ್ಲಾಂದ್ರೆ ಸ್ಯಾಂಡಿಂಗ್ ಮೆಷಿನಿನ ಪೇಪರ್ ಹರೀತದೆ. ಮತ್ತೆ ಮರದ ಎಳೆ ಹೋದ ದಿಕ್ಕಲ್ಲೇ 60 ನಂಬರ್ ಪೇಪರ್, ಆಮೇಲೆ 80, ಕೊನೆಗೆ 120, ಸಾಕು, ಅದಕ್ಕಿಂತ ನುಣುಪು ಮಾಡಿದ್ರೆ ಎಣ್ಣೆ ಸರಿ ಇಳಿಯೋದಿಲ್ಲ. ಮಾಸ್ಕ್ ಹಾಕ್ಕೊಳ್ಳಿ, ಹಳೇ ಪೇಂಟ್ ಇದ್ರೆ ಅದ್ರಲ್ಲಿ ಸೀಸ ಇರಬಹುದು, ಅದನ್ನ ಒಣಗಿದ ಹಾಗೇ ಉಜ್ಜಲೇಬೇಡಿ.

ಉಜ್ಜಿದ ಮೇಲೆ ಹಲಸು ಹಳದಿ ಹಳದಿ ಕಾಣ್ತದೆ, ಅದಕ್ಕೆ ಹೆದರಿ ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣ) ಹೊಡಿಬೇಡಿ, ಬೆಳಕು ಬಿದ್ದು ಬಿದ್ದು ತಾನಾಗೇ ಕಂದು ಆಗ್ತದೆ.

ಫಿನಿಶಿಂಗಿಗೆ ಎರಡು ದಾರಿ. ಜನ ಜಾಸ್ತಿ ಓಡಾಡುವ ಕಡೆ ವಾಟರ್ ಬೇಸ್ಡ್ ಮ್ಯಾಟ್ ಪಿಯು, ಅಂದ್ರೆ ಹೊಳಪಿಲ್ಲದ ಪಾಲಿಯುರೆಥೇನ್ ಕೋಟಿಂಗ್, ಮರದ ಬಣ್ಣ ಅಷ್ಟಾಗಿ ಬದ್ಲಾಗೋದಿಲ್ಲ. ನಂಗೆ ಇಷ್ಟ ಅಗಸೆ ಎಣ್ಣೆಯೇ, ಬಾಯ್ಲ್ಡ್ ಅಂತ ಬರ್ತದಲ್ಲ ಅದು, ತೆಳ್ಳಗೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮೇಲೆ ನಿಂತದ್ದನ್ನ ಪೂರ್ತಿ ಒರೆಸ್ಬೇಕು, ಒರೆಸದಿದ್ರೆ ಅಂಟಂಟು. ಆ ಬಟ್ಟೆ ಮಾತ್ರ ಮುದ್ದೆ ಮಾಡಿ ಮೂಲೆಗೆ ಬಿಸಾಡಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ತದೆ, ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಮಳೆಗಾಲದಲ್ಲಿ ಈ ಕೆಲ್ಸಕ್ಕೆ ಕೈ ಹಾಕ್ಬೇಡಿ, ಜನವರಿ ಫೆಬ್ರವರಿ ಒಳ್ಳೇದು. ಆಗ ಹಲಗೆ ಮಧ್ಯೆ ಸಂದು ಕಾಣ್ತದೆ, ಗಟ್ಟಿ ಪುಟ್ಟಿ ತುಂಬಬೇಡಿ, ಜೂನಲ್ಲಿ ಮರ ಉಬ್ಬಿದಾಗ ಅದು ಎದ್ದು ಬರ್ತದೆ.